ಮೊಮ್ಮಗ ‘ಅಕ್ರಮ ನಿವಾಸಿ’ಯಾದ ಮನೆ: ಈಸ್ಟ್ ಕ್ಲೀವ್‌ಲ್ಯಾಂಡ್ ಪ್ರಕರಣ

1973ರ ಆರಂಭದಲ್ಲಿ ಅಮೆರಿಕದ ಒಹಾಯೊ ರಾಜ್ಯದ ಈಸ್ಟ್ ಕ್ಲೀವ್‌ಲ್ಯಾಂಡ್ ನಗರದಲ್ಲಿ ಇನೆಜ್ ಮೂರ್ ಎಂಬ ಅಜ್ಜಿಯ ಮನೆಗೆ ನಗರಾಡಳಿತದಿಂದ ಒಂದು ನೋಟಿಸ್ ಬಂತು. ನಿಮ್ಮ ಮನೆಯಲ್ಲಿ ಒಬ್ಬ ‘ಅಕ್ರಮ ನಿವಾಸಿ’ ಇದ್ದಾನೆ, ನಿಯಮ ಪಾಲಿಸಿ ಎಂದು ಅದರಲ್ಲಿತ್ತು. ಆ ಅಕ್ರಮ ನಿವಾಸಿ ಬೇರೆ ಯಾರೂ ಅಲ್ಲ, ಆಕೆಯ ಮೊಮ್ಮಗ ಜಾನ್. ತಾಯಿ ತೀರಿಕೊಂಡ ಮೇಲೆ ಅಜ್ಜಿಯ ಆಸರೆಗೆ ಬಂದ ಹುಡುಗ. ಮನೆಯಲ್ಲಿ ಇದ್ದವರೆಂದರೆ ಅಜ್ಜಿ, ಆಕೆಯ ಮಗ ಡೇಲ್, ಡೇಲ್‌ನ ಮಗ ಡೇಲ್ ಜೂನಿಯರ್ ಮತ್ತು ಜಾನ್. ಜಾನ್ ಇನ್ನೊಬ್ಬ ಮಗನ ಮಗ. ಗಲಾಟೆ, ಕೊಳಕು, ಮುರಿದ ಬೇಲಿ ಇಂಥ ಯಾವ ದೂರೂ ಆ ನೋಟಿಸಿನಲ್ಲಿ ಇರಲಿಲ್ಲ. ಆ ಹುಡುಗ ಆ ಮನೆಯಲ್ಲಿ ಇರುವುದೇ ತಪ್ಪು ಎಂಬುದಷ್ಟೇ ಅದರ ಸಾರ.

ಅಜ್ಜಿ ಅವನನ್ನು ಹೊರಗೆ ಕಳಿಸಲಿಲ್ಲ. ನಗರಾಡಳಿತ ಆಕೆಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿತು. ಶಿಕ್ಷೆಯೂ ಆಯಿತು: ಐದು ದಿನ ಜೈಲು, 25 ಡಾಲರ್ ದಂಡ.

ಹೊಸ ಊರಿಗೆ ಮನೆ ಬದಲಿಸುವವರು ಸ್ಥಳೀಯ ನಿಯಮ ಎಂದರೆ ಕಸ ಯಾವ ದಿನ ಹೊರಗಿಡಬೇಕು, ಹುಲ್ಲು ಎಷ್ಟು ಎತ್ತರ ಬೆಳೆಯಬಹುದು, ರಾತ್ರಿ ಕಾರನ್ನು ರಸ್ತೆಯಲ್ಲಿ ಬಿಡಬಹುದೇ ಎಂಬಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಅವೂ ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಅವುಗಳಲ್ಲಿ ಎಡವಿದರೆ ದಂಡ ಕಟ್ಟಿ ಮುಗಿಸಬಹುದು. ನಿಮ್ಮ ಮನೆಯೊಳಗೆ ಯಾರು ಇರಬಹುದು ಎಂದು ಹೇಳುವ ನಿಯಮ ಹಾಗಲ್ಲ. ಅದು ಸಂಸಾರವನ್ನೇ ಒಡೆಯಬಲ್ಲದು. ಅಮೆರಿಕಕ್ಕೆ ಹೋಗಿ ನೆಲೆಸುವ ನಮ್ಮವರು ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ, ಓದಲು ಬಂದ ತಂಗಿಯ ಮಗನನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ, ಬಾಡಿಗೆ ಉಳಿಸಲು ಇಬ್ಬರು ಗೆಳೆಯರ ಸಂಸಾರಗಳು ಒಂದೇ ಮನೆ ಹಿಡಿಯುತ್ತವೆ. ಹಾಗಾಗಿ ಈ ಹಳೆಯ ಪ್ರಕರಣವನ್ನು ಅವರು ತಿಳಿದಿರಬೇಕು ಎನ್ನುವುದು ನನ್ನ ಆಸೆ.

ಒಂದು ಪದದ ಅರ್ಥ

ಮೊದಲು ಒಂದು ಗೊಂದಲ ಬಗೆಹರಿಸಬೇಕು. ‘ಆರ್ಡಿನೆನ್ಸ್’ ಎಂದ ಕೂಡಲೇ ನಮಗೆ ನೆನಪಾಗುವುದು ಸುಗ್ರೀವಾಜ್ಞೆ, ಅಂದರೆ ಸದನ ಇಲ್ಲದಾಗ ರಾಷ್ಟ್ರಪತಿಯೋ ರಾಜ್ಯಪಾಲರೋ ಹೊರಡಿಸುವ ತಾತ್ಕಾಲಿಕ ಕಾನೂನು. ಅಮೆರಿಕದ ನಗರಗಳ ಆರ್ಡಿನೆನ್ಸ್ ಅದಲ್ಲ. ಅದು ನಗರಸಭೆ ಚರ್ಚಿಸಿ ಪಾಸು ಮಾಡಿದ ಕಾಯಂ ಕಾನೂನು. ನಮ್ಮ ಮಾತಿನಲ್ಲಿ ಬೈಲಾಗೆ ಹತ್ತಿರ, ಆದರೆ ಅದಕ್ಕಿಂತ ಹರಿತ. ಅದನ್ನು ಮೀರಿದರೆ ಹಲವು ಕಡೆ ಲಘು ಅಪರಾಧದ ಕೇಸೇ ಬೀಳುತ್ತದೆ. ಅನೇಕ ನಗರಗಳಲ್ಲಿ ತಪ್ಪು ಮುಂದುವರಿದ ಪ್ರತಿ ದಿನವನ್ನೂ ಹೊಸ ಅಪರಾಧ ಎಂದು ಎಣಿಸುತ್ತಾರೆ.

ಈಸ್ಟ್ ಕ್ಲೀವ್‌ಲ್ಯಾಂಡ್‌ನ ವಸತಿ ಸಂಹಿತೆ ಒಂದು ಮನೆಯಲ್ಲಿ ಒಂದೇ ಕುಟುಂಬ ಇರಬೇಕು ಎಂದಿತ್ತು. ಇಷ್ಟು ಕೇಳಿದರೆ ಯಾರಿಗೂ ಗಾಬರಿಯಾಗುವುದಿಲ್ಲ. ಅಜ್ಜಿ, ಮಗ, ಮೊಮ್ಮಕ್ಕಳು ಒಂದು ಕುಟುಂಬವಲ್ಲದೆ ಇನ್ನೇನು? ಆದರೆ ‘ಕುಟುಂಬ’ ಎಂದರೆ ಯಾರು ಎನ್ನುವುದನ್ನು ಅದೇ ಸಂಹಿತೆ ಬೇರೊಂದು ಕಡೆ, 1341.08ನೇ ಸೆಕ್ಷನ್ನಿನಲ್ಲಿ, ಬಿಡಿಸಿ ಬರೆದಿತ್ತು. ಮನೆಯ ಯಜಮಾನ ಅಥವಾ ಯಜಮಾನಿ, ಅವರ ಗಂಡ ಅಥವಾ ಹೆಂಡತಿ, ಮದುವೆಯಾಗದ ಮಕ್ಕಳು (ಆ ಮಕ್ಕಳಿಗೆ ಅಲ್ಲೇ ವಾಸಿಸುವ ಮಕ್ಕಳಿರಬಾರದು), ಯಜಮಾನ ದಂಪತಿಯ ತಂದೆ ತಾಯಿ. ಇದರ ಮೇಲೆ ಒಂದು ರಿಯಾಯಿತಿ: ಅವಲಂಬಿತನಾದ ಒಬ್ಬ ಮಗ ಅಥವಾ ಒಬ್ಬ ಮಗಳು ತನ್ನ ಸಂಗಾತಿ ಮತ್ತು ಮಕ್ಕಳ ಜೊತೆ ಇರಬಹುದು.

ಒಬ್ಬ ಮಾತ್ರ. ಜಾನ್ ಸಿಕ್ಕಿಬಿದ್ದದ್ದು ಅಲ್ಲಿ. ಡೇಲ್ ಮತ್ತು ಅವನ ಮಗ ಆ ಒಂದು ರಿಯಾಯಿತಿಯನ್ನು ತುಂಬಿದ್ದರು. ಇನ್ನೊಬ್ಬ ಮಗನ ಕವಲಿನಿಂದ ಬಂದ ಮೊಮ್ಮಗನಿಗೆ ಜಾಗ ಉಳಿದಿರಲಿಲ್ಲ. ಇಬ್ಬರು ಹುಡುಗರೂ ಒಬ್ಬನೇ ಮಗನ ಮಕ್ಕಳಾಗಿದ್ದರೆ, ಅಂದರೆ ಒಡಹುಟ್ಟಿದವರಾಗಿದ್ದರೆ, ಅದೇ ನಾಲ್ಕು ಜನ, ಅದೇ ಮನೆ, ಯಾವ ಅಪರಾಧವೂ ಇಲ್ಲ.

ಇದನ್ನು ಕನ್ನಡದಲ್ಲಿ ಹೇಳಹೊರಟರೆ ನಾಲಿಗೆಯೇ ತಡವರಿಸುತ್ತದೆ. ಅಣ್ಣ ತಮ್ಮಂದಿರ ಮಕ್ಕಳನ್ನು ನಾವು ಬೇರೆ ಮಾಡಿ ಕರೆಯುವುದೇ ಇಲ್ಲ. ದೊಡ್ಡಪ್ಪನ ಮಗ ಅಣ್ಣ, ಚಿಕ್ಕಪ್ಪನ ಮಗ ತಮ್ಮ. ಆಸ್ತಿಯ ಮಾತು ಬಂದಾಗ ದಾಯಾದಿ ಎನ್ನಬಹುದು, ಒಂದೇ ತಟ್ಟೆಯಲ್ಲಿ ಉಣ್ಣುವ ವಯಸ್ಸಿನಲ್ಲಿ ಯಾರೂ ಅನ್ನುವುದಿಲ್ಲ. ಜಾನ್ ಮತ್ತು ಡೇಲ್ ಜೂನಿಯರ್ ನಮ್ಮ ಮಾತಿನಲ್ಲಿ ಅಣ್ಣ ತಮ್ಮಂದಿರೇ. ನಮ್ಮ ಭಾಷೆ ಕಾಣದ ಗೆರೆಯನ್ನು ಒಂದು ನಗರದ ಕಾನೂನು ಎಳೆದು, ಆ ಗೆರೆಯ ಆಚೆ ಇದ್ದವನಿಗೆ ‘ಅಕ್ರಮ’ ಎಂಬ ಹೆಸರಿಟ್ಟಿತು. ಕಾನೂನಿನಲ್ಲಿ ದಿನಬಳಕೆಯ ಪದ ಕಂಡರೆ ಅದರ ಅರ್ಥ ನಮಗೆ ಗೊತ್ತು ಎಂದು ಯಾವತ್ತೂ ಅಂದುಕೊಳ್ಳಬಾರದು ಎನ್ನುವುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನಾನು ಕಂಡಿಲ್ಲ.

ನಗರಕ್ಕೆ ಇಷ್ಟು ಅಧಿಕಾರ ಎಲ್ಲಿಂದ ಬಂತು

ಅದರ ಬೇರು ಈಸ್ಟ್ ಕ್ಲೀವ್‌ಲ್ಯಾಂಡ್‌ಗೆ ಹತ್ತಿರದಲ್ಲೇ ಇದೆ. ಕ್ಲೀವ್‌ಲ್ಯಾಂಡ್‌ನದೇ ಇನ್ನೊಂದು ಹೊರವಲಯ ಯೂಕ್ಲಿಡ್. ಆ ಊರು ತನ್ನ ಜಮೀನನ್ನು ವಲಯಗಳಾಗಿ ಹಂಚಿ, ಎಲ್ಲಿ ಮನೆ, ಎಲ್ಲಿ ಕಾರ್ಖಾನೆ ಎಂದು ನಿಗದಿ ಮಾಡಿದಾಗ ಆಂಬ್ಲರ್ ರಿಯಾಲ್ಟಿ ಎಂಬ ಕಂಪನಿ ಕೋರ್ಟಿಗೆ ಹೋಯಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪು ಕೊಟ್ಟಿತು. ಜನರ ಆರೋಗ್ಯ, ಸುರಕ್ಷತೆ, ನೈತಿಕತೆ ಅಥವಾ ಸಾಮಾನ್ಯ ಹಿತಕ್ಕೆ ಗಟ್ಟಿಯಾದ ಸಂಬಂಧವಿದ್ದರೆ ಇಂಥ ನಿಯಮ ನಿಲ್ಲುತ್ತದೆ ಎಂಬ ಅಳತೆಗೋಲು ಆಗ ಬಂತು. ಯಾವ ಕಟ್ಟಡ ಎಲ್ಲಿ ಎಂಬುದರಿಂದ ಆರಂಭವಾದ ಅಧಿಕಾರ ನಿಧಾನಕ್ಕೆ ಆ ಕಟ್ಟಡದೊಳಗೆ ಯಾರು ಎಂಬಲ್ಲಿಗೆ ಹರಿಯಿತು.

ಇನೆಜ್ ಮೂರ್ ಪ್ರಕರಣ ಇನ್ನೂ ಮುಗಿಯದಿದ್ದಾಗ, 1974ರಲ್ಲಿ, ಇನ್ನೊಂದು ತೀರ್ಪು ಬಂತು. ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್‌ನಲ್ಲಿ ಬೆಲ್ ಟೆರ್ ಎಂಬ ಪುಟ್ಟ ಊರು. ಸುಮಾರು 220 ಮನೆ, 700 ಜನ. ರಕ್ತಸಂಬಂಧ, ಮದುವೆ ಅಥವಾ ದತ್ತಕದ ನಂಟಿಲ್ಲದವರು ಇಬ್ಬರಿಗಿಂತ ಹೆಚ್ಚು ಒಂದು ಮನೆಯಲ್ಲಿ ಇರುವಂತಿಲ್ಲ ಎಂದು ಅಲ್ಲಿನ ನಿಯಮ. ಹತ್ತಿರದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಆರು ವಿದ್ಯಾರ್ಥಿಗಳು ಒಂದು ಮನೆ ಹಿಡಿದಿದ್ದರು. ಸುಪ್ರೀಂ ಕೋರ್ಟ್ ಊರಿನ ನಿಯಮವನ್ನು ಎತ್ತಿಹಿಡಿಯಿತು. ಶಾಂತವಾದ, ಗದ್ದಲವಿಲ್ಲದ ಬಡಾವಣೆ ಕಾಪಾಡಿಕೊಳ್ಳುವುದು ಸರ್ಕಾರದ ನ್ಯಾಯವಾದ ಗುರಿ ಎಂಬುದು ಆ ತೀರ್ಪಿನ ತರ್ಕ. ಗದ್ದಲ ಬೇಡವೆಂದರೆ ಗದ್ದಲವನ್ನೇ ತಡೆಯಬೇಕು, ಯಾರು ಯಾರ ನೆಂಟರು ಎಂದು ಎಣಿಸಬಾರದು ಎನ್ನುವುದು ನನ್ನ ನಿಲುವು. ಆದರೆ ಆ ತೀರ್ಪು ಇಂದಿಗೂ ರದ್ದಾಗಿಲ್ಲ. ನಂಟಿಲ್ಲದ ಗೆಳೆಯರು ಮನೆ ಹಂಚಿಕೊಳ್ಳುವಾಗ ನೆನಪಿಡಬೇಕಾದದ್ದು ಈ ತೀರ್ಪನ್ನೇ.

ಅಜ್ಜಿಯ ಪರ ಐವರು, ವಿರುದ್ಧ ನಾಲ್ವರು

ಒಹಾಯೊದ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ಖಾಯಂ ಮಾಡಿತು. ರಾಜ್ಯದ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಕ್ಲೀವ್‌ಲ್ಯಾಂಡ್‌ನ ಉಚಿತ ಕಾನೂನು ನೆರವು ಸಂಸ್ಥೆಯ ವಕೀಲರು ಅದನ್ನು ವಾಷಿಂಗ್ಟನ್ನಿನಲ್ಲಿರುವ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಒಯ್ದರು. 1976ರ ನವೆಂಬರ್‌ನಲ್ಲಿ ವಾದ ನಡೆಯಿತು, 1977ರ ಮೇ 31ರಂದು ತೀರ್ಪು ಬಂತು. ನೋಟಿಸಿನಿಂದ ತೀರ್ಪಿಗೆ ನಾಲ್ಕು ವರ್ಷದ ಮೇಲಾಗಿತ್ತು.

ನಗರ ಮೂರು ಕಾರಣ ಕೊಟ್ಟಿತ್ತು: ಮನೆಗಳಲ್ಲಿ ಜನ ಕಿಕ್ಕಿರಿಯಬಾರದು, ರಸ್ತೆಯಲ್ಲಿ ವಾಹನ ಮತ್ತು ಪಾರ್ಕಿಂಗ್ ದಟ್ಟಣೆ ಹೆಚ್ಚಬಾರದು, ಶಾಲೆಗಳ ಮೇಲೆ ಖರ್ಚಿನ ಹೊರೆ ಬೀಳಬಾರದು. ಮೂರೂ ಒಳ್ಳೆಯ ಉದ್ದೇಶಗಳೇ. ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಅವನ್ನು ತಳ್ಳಿಹಾಕಲಿಲ್ಲ, ಈ ನಿಯಮ ಅವನ್ನು ಸಾಧಿಸುತ್ತದೆಯೇ ಎಂದು ಮಾತ್ರ ಕೇಳಿದರು. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳಿರುವ ಮನೆಯಲ್ಲಿ ಆರು ಜನ ಆರು ಕಾರು ಇಟ್ಟುಕೊಂಡರೂ ಈ ನಿಯಮಕ್ಕೆ ಒಪ್ಪಿಗೆ. ವಯಸ್ಕರಾದ ಅಣ್ಣ ತಂಗಿ ಇಬ್ಬರೂ ಬಸ್ಸಿನಲ್ಲೇ ಓಡಾಡಿದರೂ ಒಟ್ಟಿಗೆ ಇರುವಂತಿಲ್ಲ. ಅಜ್ಜಿಯ ಜೊತೆ ಒಬ್ಬ ಮಗ ತನ್ನ ಹನ್ನೆರಡು ಮಕ್ಕಳನ್ನು ಇಟ್ಟುಕೊಂಡು ಹನ್ನೆರಡನ್ನೂ ಅದೇ ಶಾಲೆಗೆ ಕಳಿಸಬಹುದು, ಆದರೆ ಜಾನ್ ಒಬ್ಬ ಇರುವಂತಿಲ್ಲ, ಅದೂ ಮನೆಯಲ್ಲಿ ಅವನ ಚಿಕ್ಕಪ್ಪ ದೊಡ್ಡಪ್ಪನ ಕವಲೊಂದು ಇದೆ ಎಂಬ ಕಾರಣಕ್ಕೆ. ಉದ್ದೇಶಕ್ಕೂ ಗೆರೆಗೂ ನಂಟೇ ಇಲ್ಲ ಎನ್ನುವುದನ್ನು ಇಷ್ಟು ಸರಳವಾಗಿ ತೋರಿಸಿದ ತೀರ್ಪುಗಳು ಅಪರೂಪ. ನಿಮ್ಮ ಊರಿನ ಯಾವುದೇ ನಿಯಮದ ವಿರುದ್ಧ ನಗರಸಭೆಯಲ್ಲಿ ಮಾತಾಡಬೇಕಾಗಿ ಬಂದರೆ ಇದೇ ವಿಧಾನ ಹಿಡಿಯಿರಿ. ಉದ್ದೇಶವನ್ನು ಒಪ್ಪಿಕೊಂಡು, ನಿಯಮ ಅದನ್ನು ಮುಟ್ಟುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸಿ.

ಕುಟುಂಬ ಎಂದರೆ ಅಪ್ಪ ಅಮ್ಮ ಮಕ್ಕಳಷ್ಟೇ ಅಲ್ಲ, ಅಜ್ಜ ಅಜ್ಜಿ, ಸೋದರತ್ತೆ, ಚಿಕ್ಕಪ್ಪ, ಅವರ ಮಕ್ಕಳು ಒಂದೇ ಸೂರಿನಡಿ ಬಾಳುವ ಪರಂಪರೆಗೂ ಅಷ್ಟೇ ಆಳವಾದ ಬೇರುಗಳಿವೆ, ಸಾವು ಬಡತನ ಬಂದಾಗ ಬಳಗ ಹತ್ತಿರ ಸೇರುತ್ತದೆ ಎಂದು ಪೊವೆಲ್ ಬರೆದರು. ನ್ಯಾಯಮೂರ್ತಿಗಳಾದ ಬ್ರೆನನ್, ಮಾರ್ಷಲ್, ಬ್ಲ್ಯಾಕ್‌ಮನ್ ಅವರ ಜೊತೆ ನಿಂತರು. ಬ್ರೆನನ್ ಪ್ರತ್ಯೇಕವಾಗಿ ಇನ್ನೊಂದು ಮಾತು ಸೇರಿಸಿದರು: ಕಪ್ಪು ಜನರ ಸಂಸಾರಗಳಲ್ಲಿ, ವಲಸೆ ಬಂದವರ ಸಂಸಾರಗಳಲ್ಲಿ ವಿಸ್ತೃತ ಕುಟುಂಬವೇ ಬದುಕಿನ ಆಧಾರ, ಬಿಳಿಯರ ಹೊರವಲಯಗಳ ಮಾದರಿಯನ್ನು ಎಲ್ಲರ ಮೇಲೆ ಹೇರಬಾರದು. ಈಸ್ಟ್ ಕ್ಲೀವ್‌ಲ್ಯಾಂಡ್‌ನಲ್ಲಿ ಆಗ ಬಹುಪಾಲು ಕಪ್ಪು ಜನರೇ ಇದ್ದರು, ಆಡಳಿತವೂ ಅವರದೇ ಕೈಯಲ್ಲಿತ್ತು. ಅಂದರೆ ಈ ನಿಯಮದ ಜಾರಿಯ ಹಿಂದೆ ಜನಾಂಗದ್ವೇಷ ಇತ್ತು ಎನ್ನಲು ಆಧಾರವಿಲ್ಲ. ಒಳ್ಳೆಯ ಬಡಾವಣೆ ಹೀಗಿರಬೇಕು ಎಂಬ ಎರವಲು ಕಲ್ಪನೆಯೊಂದು ತಮ್ಮದೇ ಜನರ ಮನೆ ಬಾಗಿಲಿಗೆ ಬಂದು ನಿಂತಿತ್ತು. ಈ ವಿವರ ನನ್ನನ್ನು ಬಹಳ ಕಾಡಿದೆ.

ಐದನೆಯ ಮತ ಕೊಟ್ಟ ಸ್ಟೀವನ್ಸ್ ಬೇರೆ ದಾರಿ ಹಿಡಿದರು. ಅವರ ಪಾಲಿಗೆ ಇದು ಆಸ್ತಿಯ ಹಕ್ಕಿನ ಪ್ರಶ್ನೆ: ತನ್ನ ಸ್ವಂತ ಮನೆಯಲ್ಲಿ ತನ್ನ ಯಾವ ನೆಂಟರು ಇರಬೇಕು ಎಂದು ತೀರ್ಮಾನಿಸುವುದು ಮನೆಯೊಡತಿಯ ಹಕ್ಕು. ಹೀಗೆ ಐವರ ಬಲದಿಂದ ಶಿಕ್ಷೆ ರದ್ದಾಯಿತು.

ತೀರ್ಪಿನ ಅಡಿಟಿಪ್ಪಣಿಯೊಂದರಲ್ಲಿ ಒಂದು ಸಣ್ಣ ವಿಷಯವಿದೆ. ಜಾನ್‌ನ ತಂದೆ ಕೂಡ ವಿಚಾರಣೆಯ ಹೊತ್ತಿಗೆ ಆ ಮನೆಯಲ್ಲೇ ಇದ್ದಂತಿತ್ತು, ನೋಟಿಸ್ ಬಂದಾಗ ಇದ್ದನೇ ಎಂಬುದರ ಬಗ್ಗೆ ತಕರಾರಿತ್ತು. ಅವನು ಇರುವುದೂ ಬಹುಶಃ ನಿಯಮಕ್ಕೆ ವಿರುದ್ಧವೇ. ಆದರೆ ನಗರ ತನ್ನ ಆರೋಪದಲ್ಲಿ ಹುಡುಗನನ್ನು ಮಾತ್ರ ಹೆಸರಿಸಿತ್ತು, ಹಾಗಾಗಿ ಕೋರ್ಟ್ ಅಷ್ಟನ್ನೇ ನೋಡಿತು. ನೋಟಿಸಿನಲ್ಲಿ ಏನು ಬರೆದಿದೆಯೋ ಅದೇ ಕೇಸು. ನೋಟಿಸನ್ನು ಅಕ್ಷರ ಅಕ್ಷರ ಓದಬೇಕು ಎನ್ನುವುದು ಇದಕ್ಕೇ.

ಮುಖ್ಯ ನ್ಯಾಯಮೂರ್ತಿಯ ಆಕ್ಷೇಪ

ಸೋತ ನಾಲ್ವರಲ್ಲಿ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಹೇಳಿದ್ದನ್ನು ಹೊಸ ನಿವಾಸಿಗಳು ಗಮನವಿಟ್ಟು ಕೇಳಬೇಕು. ಕಟ್ಟಡ ಸಂಹಿತೆಯ ಮೇಲ್ಮನವಿ ಮಂಡಳಿ ಎಂಬುದು ಅದೇ ನಗರದಲ್ಲಿತ್ತು. ನಿಯಮವನ್ನು ಅಕ್ಷರಶಃ ಜಾರಿ ಮಾಡಿದರೆ ಅನಗತ್ಯ ಕಷ್ಟವಾಗುವ ಕಡೆ ವಿನಾಯಿತಿ ಕೊಡುವ ಅಧಿಕಾರ ಅದಕ್ಕಿತ್ತು. ಅಲ್ಲಿನ ಮಾತಿನಲ್ಲಿ ಇದಕ್ಕೆ ವೇರಿಯನ್ಸ್ ಎನ್ನುತ್ತಾರೆ. ಇನೆಜ್ ಮೂರ್ ಅದಕ್ಕೆ ಅರ್ಜಿ ಹಾಕಲಿಲ್ಲ. ಕೈಗೆಟಕುವ ಪರಿಹಾರವನ್ನು ಬಿಟ್ಟು ಸಂವಿಧಾನದ ಪ್ರಶ್ನೆ ಎತ್ತುವುದು ಸರಿಯಲ್ಲ ಎಂದು ಬರ್ಗರ್ ಬರೆದರು.

ತತ್ವದ ಮಟ್ಟದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ಮೊಮ್ಮಗನನ್ನು ಸಾಕಲು ಮಂಡಳಿಯ ಮುಂದೆ ನಿಂತು ದಯೆ ಕೇಳಬೇಕು ಎಂದರೆ ಅದು ಹಕ್ಕು ಆಗುವುದಿಲ್ಲ. ಪೊವೆಲ್ ಮತ್ತು ಅವರ ಜೊತೆ ನಿಂತ ಮೂವರೂ ಈ ಆಕ್ಷೇಪವನ್ನು ಒಪ್ಪಲಿಲ್ಲ, ಕ್ರಿಮಿನಲ್ ಆರೋಪ ಹೊತ್ತವರು ಕಾನೂನೇ ಅಸಿಂಧು ಎಂದು ವಾದಿಸಲು ಮೊದಲು ವಿನಾಯಿತಿ ಬೇಡಿರಬೇಕಿಲ್ಲ ಎಂದರು. ಆದರೆ ಮನೆ ನಡೆಸುವವರ ದೃಷ್ಟಿಯಿಂದ ನೋಡಿದರೆ ಬರ್ಗರ್ ತೋರಿಸಿದ ಬಾಗಿಲು ನಿಜವಾದದ್ದೇ. ಒಂದು ಮತ ಆಚೆ ಈಚೆಯಾಗಿದ್ದರೆ ಅಜ್ಜಿ ಜೈಲಿಗೆ ಹೋಗುತ್ತಿದ್ದಳು. ಒಂಬತ್ತು ನ್ಯಾಯಮೂರ್ತಿಗಳವರೆಗೆ ಹೋಗುವ ಶಕ್ತಿ, ಸಮಯ ಎಲ್ಲರಿಗೂ ಇರುವುದಿಲ್ಲ. ಮಂಡಳಿಗೆ ಅರ್ಜಿ ಹಾಕಲು ಹಲವು ಕಡೆ ಒಂದು ಫಾರಂ, ಶುಲ್ಕ, ಒಂದು ಸಭೆ ಸಾಕಾಗಬಹುದು.

ಇವತ್ತು ಮನೆ ಹಿಡಿಯುವವರಿಗೆ

ರಕ್ತಸಂಬಂಧಿಗಳನ್ನು ಹೀಗೆ ಕವಲು ಕವಲಾಗಿ ಕತ್ತರಿಸುವ ಅಧಿಕಾರ ಈಗ ನಗರಗಳಿಗಿಲ್ಲ. ಆದರೆ ನಂಟಿಲ್ಲದವರ ಸಂಖ್ಯೆಗೆ ಮಿತಿ ಹಾಕುವ ಊರುಗಳು ಇನ್ನೂ ಇವೆ, ಮುಖ್ಯವಾಗಿ ವಿಶ್ವವಿದ್ಯಾಲಯಗಳಿರುವ ಕಡೆ. ರಾಜ್ಯದಿಂದ ರಾಜ್ಯಕ್ಕೆ ಇದು ಬೇರೆ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1980ರಲ್ಲೇ ಸಾಂಟಾ ಬಾರ್ಬರಾ ನಗರದ ಇಂಥ ಮಿತಿಯನ್ನು ರಾಜ್ಯ ಸಂವಿಧಾನದ ಖಾಸಗಿತನದ ಹಕ್ಕಿನ ಆಧಾರದ ಮೇಲೆ ಹೊಡೆದುಹಾಕಿತು. ಅಯೋವಾ 2017ರಲ್ಲಿ ಬಾಡಿಗೆ ಮನೆಗಳ ಮಟ್ಟಿಗೆ, ಆರಿಗನ್ ಮತ್ತು ವಾಷಿಂಗ್ಟನ್ ರಾಜ್ಯಗಳು 2021ರಲ್ಲಿ, ಕೊಲರಾಡೊ 2024ರಲ್ಲಿ ನಂಟನ್ನು ನೋಡಿ ಮಿತಿ ಹಾಕುವುದನ್ನು ಕಾನೂನಿನಿಂದಲೇ ತಡೆದವು. ಉಳಿದ ಕಡೆ ನಗರದ ಪುಸ್ತಕವನ್ನೇ ತೆರೆಯಬೇಕು.

ಜಾಗದ ಲೆಕ್ಕ ಬೇರೆಯೇ. ನಂಟಿದ್ದರೂ ಇಲ್ಲದಿದ್ದರೂ ಎಲ್ಲರಿಗೂ ಒಂದೇ ಸಮನಾಗಿ ಅನ್ವಯಿಸುವ, ಆರೋಗ್ಯ ಸುರಕ್ಷತೆಯ ಮಿತಿಗಳು ಎಲ್ಲ ಕಡೆ ಸಿಂಧು. ಬಹಳಷ್ಟು ನಗರಗಳು ಅಳವಡಿಸಿಕೊಂಡಿರುವ ಅಂತಾರಾಷ್ಟ್ರೀಯ ಆಸ್ತಿ ನಿರ್ವಹಣಾ ಸಂಹಿತೆಯ ಪ್ರಕಾರ ಮಲಗುವ ಕೋಣೆ ಕನಿಷ್ಠ 70 ಚದರ ಅಡಿ ಇರಬೇಕು, ಒಬ್ಬರಿಗಿಂತ ಹೆಚ್ಚು ಜನ ಮಲಗುವುದಾದರೆ ತಲೆಗೆ 50 ಚದರ ಅಡಿ. ಹನ್ನೆರಡು ಅಡಿಗೆ ಹನ್ನೆರಡು ಅಡಿಯ ಕೋಣೆ 144 ಚದರ ಅಡಿ. ಮೂವರಿಗೆ 150 ಬೇಕು, ಆರು ಚದರ ಅಡಿ ಕಡಿಮೆ. ಅದೇ ಸಂಹಿತೆಯಲ್ಲಿ ‘ನಿವಾಸಿ’ ಎಂದರೆ ಕಟ್ಟಡದಲ್ಲಿ ವಾಸಿಸುವವರು ಅಥವಾ ಮಲಗುವವರು. ಅಪ್ಪ ಅಮ್ಮ ಆರು ತಿಂಗಳಿಗೆ ಬಂದುಹೋಗುವವರು, ಅತಿಥಿಗಳು ಎಂದು ನಾವು ಅಂದುಕೊಂಡಿರುತ್ತೇವೆ. ಅಲ್ಲಿ ರಾತ್ರಿ ಮಲಗಿದರೆ ಅವರೂ ಲೆಕ್ಕಕ್ಕೆ ಬರುತ್ತಾರೆ. ಇಲ್ಲಿಯೂ ಮತ್ತೆ ಪರಿಚಿತ ಪದದ ಅಪರಿಚಿತ ಅರ್ಥ.

ಮನೆ ಮಾಲೀಕರು ಹಾಕುವ ಮಿತಿ ಇನ್ನೊಂದು. ಮಕ್ಕಳಿರುವ ಕುಟುಂಬಗಳಿಗೆ ತಾರತಮ್ಯ ಮಾಡಬಾರದು ಎಂಬ ರಕ್ಷಣೆ 1988ರಿಂದ ಕೇಂದ್ರದ ವಸತಿ ಕಾನೂನಿನಲ್ಲಿದೆ. ಕೋಣೆಗೆ ಇಬ್ಬರು ಎಂಬ ಮಿತಿ ಸಾಮಾನ್ಯವಾಗಿ ಸಮಂಜಸ ಎನಿಸಿಕೊಂಡರೂ ಕೋಣೆಯ ಗಾತ್ರ, ಮಕ್ಕಳ ವಯಸ್ಸು ನೋಡಿ ಅದು ಬದಲಾಗಬಹುದು. ಕೈಗೂಸಿಗೂ ದೊಡ್ಡವರಿಗೂ ಒಂದೇ ಎಣಿಕೆ ಹಿಡಿಯುವ ಮಾಲೀಕರ ಮಾತನ್ನು ಹಾಗೇ ಒಪ್ಪಿಕೊಳ್ಳಬೇಕಾಗಿಲ್ಲ.

ಹುಡುಕುವುದು ಹೇಗೆ? ಬಹುತೇಕ ನಗರಗಳ ಕಾನೂನು ಸಂಹಿತೆ ಮ್ಯುನಿಕೋಡ್, ಅಮೆರಿಕನ್ ಲೀಗಲ್ ಥರದ ಪ್ರಕಾಶಕರ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತದೆ, ನಗರದ ತಾಣದಲ್ಲೇ ಕೊಂಡಿ ಇರುತ್ತದೆ. ನೇರವಾಗಿ ನಿಯಮಕ್ಕೆ ಹೋಗಬೇಡಿ, ಮೊದಲು ಪದಗಳ ಅರ್ಥ ಹೇಳುವ ‘ಡೆಫಿನಿಷನ್ಸ್’ ಅಧ್ಯಾಯ ತೆರೆಯಿರಿ. ‘ಫ್ಯಾಮಿಲಿ’ (ಕುಟುಂಬ), ‘ಹೌಸ್‌ಹೋಲ್ಡ್’ (ಒಂದು ಮನೆಯ ಜನ), ‘ಆಕ್ಯುಪೆಂಟ್’ (ನಿವಾಸಿ), ‘ಡ್ವೆಲ್ಲಿಂಗ್ ಯೂನಿಟ್’ (ವಾಸದ ಮನೆ) ಈ ನಾಲ್ಕು ಪದಗಳ ಅರ್ಥ ಓದಿ. ಝೋನಿಂಗ್, ಅಂದರೆ ವಲಯ ಹಂಚಿಕೆಯ, ಸಂಹಿತೆಯಲ್ಲಿ ಒಂದು ಅರ್ಥ, ವಸತಿ ಸಂಹಿತೆಯಲ್ಲಿ ಇನ್ನೊಂದು ಇರಬಹುದು. ಈಸ್ಟ್ ಕ್ಲೀವ್‌ಲ್ಯಾಂಡ್‌ನ ಗೆರೆ ಇದ್ದದ್ದು ವಸತಿ ಸಂಹಿತೆಯಲ್ಲಿ ಎನ್ನುವುದು ನೆನಪಿರಲಿ. ಬಡಾವಣೆಯ ಸಂಘದ ಕರಾರು ಮತ್ತು ಬಾಡಿಗೆ ಕರಾರು ಇವೆರಡೂ ನಗರದ ಕಾನೂನಲ್ಲ, ಅವನ್ನು ಬೇರೆಯಾಗಿಯೇ ಓದಬೇಕು. ಓದಿ ತಿಳಿಯದಿದ್ದರೆ ನಗರದ ಕಟ್ಟಡ ಅಥವಾ ಝೋನಿಂಗ್ ವಿಭಾಗಕ್ಕೆ ನಿಮ್ಮ ಮನೆಯಲ್ಲಿ ಯಾರು ಯಾರು ಇರುತ್ತಾರೆ ಎಂದು ತಿಳಿಸಿ, ಇದಕ್ಕೆ ಅನ್ವಯಿಸುವ ಸೆಕ್ಷನ್ ಯಾವುದು ಎಂದು ಕೇಳಿ. ಫೋನಿನಲ್ಲಿ ಕೇಳಿದ ಉತ್ತರ ಗಾಳಿಗೆ ಹೋಗುತ್ತದೆ. ಇಮೇಲಿನಲ್ಲಿ ಕೇಳಿ, ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಕೇಳಿ.

ನೋಟಿಸ್ ಬಂದೇಬಿಟ್ಟರೆ ಅದರಲ್ಲಿ ಎರಡು ವಿಷಯ ಹುಡುಕಿ: ಯಾವ ಸೆಕ್ಷನ್ ಮೀರಿದ್ದೀರಿ, ಮೇಲ್ಮನವಿಗೆ ಎಷ್ಟು ದಿನ. ಆಸ್ತಿ ನಿರ್ವಹಣಾ ಸಂಹಿತೆಯ ಮಾದರಿ ಪಠ್ಯದಲ್ಲಿ 20 ದಿನ ಇದೆ, ನಗರಗಳು ಅದನ್ನು ಕಡಿಮೆ ಮಾಡಿಕೊಂಡಿರಬಹುದು. ಆ ಗಡುವಿನೊಳಗೆ ಮಂಡಳಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಆ ಊರಿನ ಉಚಿತ ಕಾನೂನು ನೆರವು ಸಂಸ್ಥೆಗೆ ಅದೇ ದಿನ ಫೋನ್ ಮಾಡಿ. ಇನೆಜ್ ಮೂರ್‌ಗೆ ಕೊನೆಯವರೆಗೂ ಜೊತೆ ನಿಂತವರು ಅಂಥವರೇ.